ಬೇಟೆಯ ಸ್ಪಾನಿಯೆಲ್ ಕುಗ್ಗಿದೆಯೇ?

ಪ್ರಶ್ನೆ: ಬ್ರಿಟನ್ನಿನಲ್ಲಿ ಬೇಟೆಗೆ ಬಳಸುವ ಸ್ಪಾನಿಯೆಲ್ ಜಾತಿಯ ನಾಯಿಗಳು ಹಿಂದಿನವುಗಳಿಗಿಂತ ಚಿಕ್ಕದಾಗಿವೆ ಎಂದು ಕೇಳಿದ್ದೇನೆ. ಆದರೆ ಹಳೆಯ ಚಿತ್ರಗಳಲ್ಲಿ ಕಾಣುವುದು ಗಿಡ್ಡ ಕಾಲಿನ, ಉದ್ದ ಮೈಯ ನಾಯಿಗಳೇ. ಯಾವುದನ್ನು ನಂಬಬೇಕು?

ಉತ್ತರ: ಹಿಂದಿನ ನಾಯಿ ಎಂದಾಗ ಯಾವ ಕಾಲದ ನಾಯಿ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಕರ್ ಮತ್ತು ಸ್ಪ್ರಿಂಗರ್ ಎಂಬವು ಎರಡು ಪ್ರತ್ಯೇಕ ತಳಿಗಳಾಗಿರಲಿಲ್ಲ. ಒಂದೇ ಸೂಲಿನಲ್ಲಿ ಹುಟ್ಟಿದ ಮರಿಗಳಲ್ಲಿ ಚಿಕ್ಕವನ್ನು ವುಡ್‌ಕಾಕ್ ಹಕ್ಕಿಯ ಬೇಟೆಗೆ ಒಗ್ಗುವ ಕಾಕರ್ ಎಂದೂ, ದೊಡ್ಡವನ್ನು ಪೊದೆಯಿಂದ ಬೇಟೆಯನ್ನು ಎಬ್ಬಿಸುವ ಸ್ಪ್ರಿಂಗರ್ ಎಂದೂ ಕರೆಯುತ್ತಿದ್ದರು. ಇವೆರಡರ ನಡುವೆ ಬಹುಕಾಲ ನಿಂತಿದ್ದ ಗಡಿ 25 ಪೌಂಡ್, ಅಂದರೆ ಸುಮಾರು 11.3 ಕಿಲೋ ತೂಕ. 1901ರಲ್ಲಿ ಕಾಕರ್‌ಗೆ ಈ ತೂಕದ ಮಿತಿಯನ್ನು ತೆಗೆದುಹಾಕಲಾಯಿತು. ಮರುವರ್ಷ ಸ್ಪ್ರಿಂಗರ್‌ಗೆ ನಾಯಿ ತಳಿಗಳನ್ನು ನೋಂದಾಯಿಸುವ ಬ್ರಿಟನ್ನಿನ ಸಂಸ್ಥೆಯಾದ ಕೆನಲ್ ಕ್ಲಬ್‌ನಿಂದ ಪ್ರತ್ಯೇಕ ಮಾನ್ಯತೆ ದೊರೆಯಿತು. ಆದುದರಿಂದ ಹಳೆಯ ದಾಖಲೆಯಲ್ಲಿ ‘ಕಾಕರ್, 24 ಪೌಂಡ್’ ಎಂದಿದ್ದರೆ, ಅದರಿಂದ ಆ ಕಾಲದ ಕಾಕರ್‌ಗಳೆಲ್ಲ ಹಗುರವಾಗಿದ್ದವೆಂದು ತೀರ್ಮಾನಿಸಲಾಗದು; ಭಾರವಾಗಿ ಬೆಳೆದ ಒಡಹುಟ್ಟು ಬೇರೆ ಹೆಸರಿನಲ್ಲಿ ದಾಖಲಾಗಿರುತ್ತಿತ್ತು. ಇದನ್ನು ಮರೆತು ಅಂಕಿಗಳನ್ನಷ್ಟೇ ಹೋಲಿಸುವುದು ಈ ವಿಷಯದಲ್ಲಿ ಆಗುವ ಅತಿ ದೊಡ್ಡ ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ.

ತೂಕಕ್ಕಿಂತ ಹೆಚ್ಚು ಬದಲಾದದ್ದು ಮೈಕಟ್ಟು. 1879ರಲ್ಲಿ ಹುಟ್ಟಿದ, ಇಂದಿನ ಕಾಕರ್‌ಗಳ ಮೂಲಪುರುಷನೆಂದು ಗಣಿಸಲಾಗುವ ಓಬೊ ಎಂಬ ನಾಯಿಯ ತೂಕ 22 ಪೌಂಡ್, ಎತ್ತರ ಕೇವಲ 10 ಅಂಗುಲ. ಇಂದಿನ ಕೆನಲ್ ಕ್ಲಬ್ ಮಾನದಂಡದಲ್ಲಿ ಗಂಡು ಕಾಕರ್‌ನ ಎತ್ತರ 39ರಿಂದ 41 ಸೆಂಟಿಮೀಟರ್, ಎಂದರೆ ಹೆಚ್ಚುಕಡಿಮೆ 16 ಅಂಗುಲ; ತೂಕ 28ರಿಂದ 32 ಪೌಂಡ್. ಹೆಗಲಿನಿಂದ ನೆಲಕ್ಕಿರುವ ಅಳತೆ ಹೆಗಲಿನಿಂದ ಬಾಲದ ಬುಡಕ್ಕಿರುವ ಅಳತೆಗೆ ಸರಿಸುಮಾರು ಸಮನಾಗಿರಬೇಕೆಂದೂ ಅದು ಹೇಳುತ್ತದೆ. ನೀವು ಚಿತ್ರಗಳಲ್ಲಿ ಕಂಡ ಉದ್ದ ಮೈ ಹೀಗೆ ಕ್ರಮೇಣ ಚೌಕಾಕಾರದ ಮೈಯಾಯಿತು. ಈ ತಿದ್ದುಪಡಿ ತಡವಾಗಿ ತಲುಪಿದ್ದು ಫೀಲ್ಡ್ ಸ್ಪಾನಿಯೆಲ್ ಎಂಬ ಇನ್ನೊಂದು ತಳಿಗೆ. ಶ್ವಾನ ಪ್ರದರ್ಶನದ ಹುಚ್ಚಿನಲ್ಲಿ ಅದರ ಬೆನ್ನನ್ನು ಉದ್ದವಾಗಿಸುತ್ತ, ಕಾಲನ್ನು ಗಿಡ್ಡವಾಗಿಸುತ್ತ, ಎಲುಬನ್ನು ದಪ್ಪವಾಗಿಸುತ್ತ ಹೋದವರು ಕೊನೆಗೆ ಹಳ್ಳ ದಾಟಲು ಏದುಸಿರು ಬಿಡುವ ನಾಯಿಯನ್ನು ಸೃಷ್ಟಿಸಿದರು. ಬೇಟೆಗಾರರು ಅದನ್ನು ಕೈಬಿಟ್ಟರು, ತಳಿ ಅಳಿವಿನ ಅಂಚಿಗೆ ಬಂತು. ಒಳ್ಳೆಯ ನಾಯಿಗೆ ಹೀಗಾದದ್ದನ್ನು ಓದುವಾಗ ಇಂದಿಗೂ ನೋವಾಗುತ್ತದೆ.

ಸ್ಪಾನಿಯೆಲ್‌ಗಳಿಗೆಂದೇ ಮೊದಲ ಫೀಲ್ಡ್ ಟ್ರಯಲ್, ಅಂದರೆ ಬಯಲಿನಲ್ಲಿ ಬೇಟೆಯ ಕೆಲಸವನ್ನು ಪರೀಕ್ಷಿಸುವ ಸ್ಪರ್ಧೆ, 1899ರಲ್ಲಿ ನಡೆಯಿತು. ಅಂದಿನಿಂದ ಪ್ರದರ್ಶನದ ವಂಶಗಳೂ ಕೆಲಸದ ವಂಶಗಳೂ ನಿಧಾನವಾಗಿ ದೂರವಾದವು. ಟ್ರಯಲ್‌ನಲ್ಲಿ ನಾಯಿಯ ಎತ್ತರವನ್ನು ಅಳೆಯುವವರಿಲ್ಲ. ವೇಗ, ಮೂಗು, ವಿಧೇಯತೆ, ಬಿದ್ದ ಹಕ್ಕಿಯನ್ನು ಜಖಂ ಮಾಡದೆ ತರುವ ಬಾಯಿ ಇವಕ್ಕೆ ಅಲ್ಲಿ ಬೆಲೆ. ಚುರುಕಾಗಿ ತಿರುಗುವ ಹಗುರ ನಾಯಿಗಳು ಹೆಚ್ಚು ಗೆದ್ದವು, ಗೆದ್ದವುಗಳಿಂದಲೇ ಹೆಚ್ಚು ಮರಿಗಳಾದವು. ಇಂದಿನ ಕೆಲಸದ ಸ್ಪ್ರಿಂಗರ್ ಸುಮಾರು 51 ಸೆಂಟಿಮೀಟರ್ ಎತ್ತರದ ಪ್ರದರ್ಶನದ ಸ್ಪ್ರಿಂಗರ್‌ಗಿಂತ ಸಾಮಾನ್ಯವಾಗಿ ಚಿಕ್ಕದು, ಕಿವಿ ಮೋಟು, ಕೂದಲು ವಿರಳ. ನೀವು ಕೇಳಿದ ಮಾತು ಈ ಮಟ್ಟಿಗೆ ನಿಜ.

ಪ್ರಶ್ನೆ: ಹಾಗಾದರೆ ಕೆಲಸಕ್ಕೆ ಚಿಕ್ಕ ನಾಯಿಯೇ ಮೇಲೇ?

ಉತ್ತರ: ದಟ್ಟವಾದ ಮುಳ್ಳುಪೊದೆಯ ಅಡಿಯಲ್ಲಿ ನುಸುಳುವುದಕ್ಕೆ ಹೌದು. ಆದರೆ ಬ್ರಿಟನ್ನಿನ ದೊಡ್ಡ ಮೊಲ ಮೂರು ನಾಲ್ಕು ಕಿಲೋ ತೂಗುತ್ತದೆ. ಅದನ್ನು ಕಚ್ಚಿಕೊಂಡು ಬೇಲಿ ಹಾರಿ ಬರಲು ಹತ್ತು ಕಿಲೋದ ನಾಯಿ ತನ್ನ ತೂಕದ ಮೂರನೆಯ ಒಂದು ಭಾಗವನ್ನು ಹೊರಬೇಕಾಗುತ್ತದೆ. ಆದ್ದರಿಂದ ಮರಿಯನ್ನು ಆರಿಸುವಾಗ ಅದರ ತಂದೆತಾಯಿಗಳು ಎಂಥ ನೆಲದಲ್ಲಿ, ಯಾವ ಬೇಟೆಯನ್ನು ಹೊತ್ತು ತರುತ್ತವೆ ಎಂಬುದನ್ನು ಹೋಗಿ ನೋಡಿ. ಅಳತೆಪಟ್ಟಿಯನ್ನು ಆಮೇಲೆ ತೆಗೆಯಿರಿ.