ತಟ್ಟೆ, ಹಗ್ಗ, ಒಂದು ನೀರಿನ ಬಾಟಲಿ

ಪ್ರಶ್ನೆ: ಗೋವೆಯ ಗ್ರ್ಯಾಂಡ್ ಐಲ್ಯಾಂಡ್ ದ್ವೀಪದ ಸುತ್ತ ಮೂವತ್ತು ಸಲ ಸ್ಕೂಬಾ ಡೈವ್ ಮಾಡಿದ್ದೇನೆ. ಆಚೆ ನೀರಿನಡಿ ಒಂದು ಬಂಡೆ ಇದೆ ಎಂದು ಮೀನುಗಾರರೊಬ್ಬರು ಹೇಳಿದ್ದಾರೆ, ಅಲ್ಲಿಗೆ ಯಾರೂ ಇಳಿದಿಲ್ಲವಂತೆ. ಆ ನೀರನ್ನು ನಂಬಬಹುದೇ? (ವಾಸ್ಕೊ)

ಉತ್ತರ: ಆ ಮೀನುಗಾರರನ್ನೇ ಇನ್ನೊಮ್ಮೆ ಮಾತಾಡಿಸಿ. ‘ನೀರು ಹೇಗಿದೆ’ ಎಂದರೆ ‘ಚಲೋ ಇದೆ’ ಎಂದಾರು. ‘ಬಲೆ ಎಲ್ಲಿ ಸಿಕ್ಕಿ ಹರಿಯುತ್ತದೆ’ ಎಂದು ಕೇಳಿ. ಬಲೆ ಹರಿದ ಕಡೆ ಅದರ ತುಂಡು ಬಂಡೆಯಲ್ಲೇ ಉಳಿದಿರುತ್ತದೆ, ಮತ್ತು ಕಲಕಿದ ನೀರಿನಲ್ಲಿ ನೈಲಾನ್ ಎಳೆ ಕಣ್ಣಿಗೆ ಬೀಳುವುದಿಲ್ಲ. ಎರಡು ಚಾಕು ಬೇಕು, ಎರಡೂ ಕೈಗೆ ಎಟುಕುವ ಹಾಗೆ ಎದೆಯ ಹತ್ತಿರ. ಕಾಲಿಗೆ ಕಟ್ಟಿದ ಚಾಕು ಕಾಲೇ ಬಲೆಗೆ ಸಿಕ್ಕಾಗ ಉಪಯೋಗಕ್ಕೆ ಬರದು.

ನೀರಿನ ತಿಳಿಯನ್ನು ಕಣ್ಣಂದಾಜಿಗೆ ಬಿಡಬೇಡಿ. ಸುಮಾರು 25 ಸೆಂ.ಮೀ. ಅಗಲದ ಬಿಳಿ ತಟ್ಟೆಗೆ ಮೂರು ತೂತು ಕೊರೆದು ಹಗ್ಗ ಕಟ್ಟಿ, ಅಡಿಗೆ ಸೀಸದ ತೂಕ ಹಾಕಿ, ಹಗ್ಗಕ್ಕೆ ಮೀಟರಿಗೊಂದು ಗಂಟು ಹಾಕಿ. ದೋಣಿಯ ನೆರಳಿರುವ ಮಗ್ಗುಲಲ್ಲಿ ಇಳಿಬಿಡಿ. ತಟ್ಟೆ ಮರೆಯಾದ ಗಂಟು, ಮೇಲೆಳೆಯುವಾಗ ಮತ್ತೆ ಕಂಡ ಗಂಟು, ಎರಡರ ನಡುವಿನದು ನಿಮ್ಮ ಲೆಕ್ಕ. ಎರಡು ಮೀಟರಿಗಿಂತ ಕಡಿಮೆ ಬಂದರೆ ಅವತ್ತು ವಾಪಸ್ ಬನ್ನಿ, ಜೊತೆಗಾರನ ಕಾಲಿನ ಫಿನ್ (ಈಜುಪಟ್ಟಿ) ಕೂಡ ಕಾಣುವುದಿಲ್ಲ. ಆದರೆ ತಟ್ಟೆ ಹೇಳುವುದು ಮೇಲಿನ ಪದರದ ಮಾತು ಮಾತ್ರ. ತಳದಲ್ಲಿ ಕೆಸರಿದ್ದರೆ ಒಂದೇ ಒದೆತಕ್ಕೆ ಎಲ್ಲ ಕತ್ತಲೆ. ಜುವಾರಿ, ಮಾಂಡವಿಗಳ ಕೆಸರು ನೀರು ಇಳಿತದಲ್ಲಿ ಹೊರಗೆ ಹರಿಯುತ್ತದೆ, ಹಾಗಾಗಿ ನದೀಮುಖದ ಹತ್ತಿರ ಉಬ್ಬರದ ಕೊನೆಯ ಹೊತ್ತು ಲೇಸು.

ಸೆಳೆತಕ್ಕೆ ಬಾಟಲಿ. ಮುಕ್ಕಾಲು ನೀರು ತುಂಬಿ ಮುಚ್ಚಳ ಬಿಗಿದು, 10 ಮೀಟರ್ ತೆಳು ದಾರ ಕಟ್ಟಿ, ಲಂಗರು ಹಾಕಿದ ದೋಣಿಯಿಂದ ಬಿಡಿ. ಖಾಲಿ ಬಾಟಲಿ ಗಾಳಿಯ ಕಡೆ ಓಡುತ್ತದೆ, ನೀರಿನ ಕಡೆಗಲ್ಲ. ದಾರ ಬಿಗಿಯಾಗಲು 40 ಸೆಕೆಂಡ್ ಆದರೆ ಸೆಳೆತ ಅರ್ಧ ನಾಟ್ (ಗಂಟೆಗೆ ಸುಮಾರು ಒಂದು ಕಿ.ಮೀ. ವೇಗ), ಇಳಿಯಬಹುದು. 20 ಸೆಕೆಂಡಿಗೆ ಬಿಗಿದರೆ ಒಂದು ನಾಟ್, ಅದರೆದುರು ಈಜಿದರೆ ಟ್ಯಾಂಕಿನ ಗಾಳಿ ಕಣ್ಣೆದುರೇ ಖಾಲಿ. ಹುಣ್ಣಿಮೆ ಅಮಾವಾಸ್ಯೆ ಬಿಟ್ಟು, ಸೆಳೆತ ಕಡಿಮೆ ಇರುವ ಅಷ್ಟಮಿ ಆಸುಪಾಸಿನ ದಿನ ಆರಿಸಿ. ತಿಥಿಯನ್ನು ಮುಕ್ಕಾಲಿನಿಂದ ಗುಣಿಸಿ ಉಬ್ಬರದ ಗಂಟೆ ಹಿಡಿಯುವ ಮೀನುಗಾರರ ಲೆಕ್ಕ ಮುಂಬಯಿ ಕಡೆ ಅಂದಾಜಿಗೆ ಸರಿ, ಡೈವಿಗೆ ಮುರ್ಮುಗೋವಾ ಬಂದರಿನ ಉಬ್ಬರದ ಪಟ್ಟಿಯನ್ನೇ ನೋಡಿ.

ಮೊದಲ ಡೈವ್ ಹುಡುಕಾಟಕ್ಕಷ್ಟೇ: ಲಂಗರಿನ ಹಗ್ಗ ಹಿಡಿದೇ ಇಳಿಯಿರಿ, ಟ್ಯಾಂಕಿನ ಗಾಳಿಯ ಒತ್ತಡ 200 ಬಾರ್ ಇದ್ದರೆ 130ಕ್ಕೆ ಇಳಿದಾಗ ಹಿಂತಿರುಗಿ. ದೊಡ್ಡ ಮಳೆ ಬಂದು ಮೂರು ದಿನ ಆಗಿರದಿದ್ದರೆ ಬೇಡ, ಚರಂಡಿಯೆಲ್ಲ ಅಲ್ಲಿಗೇ ಬರುತ್ತದೆ.

ಪ್ರಶ್ನೆ: ಪುಣೆ ಹೊರವಲಯದ ಹಳೆ ಕಲ್ಲುಕ್ವಾರಿಯ ನೀರು ಕನ್ನಡಿಯ ಹಾಗಿದೆ. ಅಭ್ಯಾಸಕ್ಕೆ ಆದೀತೇ? (ಕೋಥ್ರೂಡ್)

ಉತ್ತರ: ಜಾಗದವರ ಒಪ್ಪಿಗೆ ಸಿಕ್ಕ ಮೇಲೆ ಮೊದಲು ನೋಡಬೇಕಾದ್ದು ಹತ್ತುವ ದಾರಿ. ಗೋಡೆ ನೆಟ್ಟಗಿದ್ದರೆ ಬೆನ್ನ ಮೇಲೆ 20 ಕಿಲೋ ಹೊತ್ತು ಮೇಲೇರುವುದು ಹೇಗೆ? ಹಗ್ಗಕ್ಕೆ ತೂಕ ಕಟ್ಟಿ ಹತ್ತು ಕಡೆಯಾದರೂ ಆಳ ಅಳೆಯಿರಿ, ಕ್ವಾರಿಯ ತಳ ಮೆಟ್ಟಿಲು ಮೆಟ್ಟಿಲಾಗಿರುತ್ತದೆ. ಮೇಲೆಳೆದ ತೂಕಕ್ಕೆ ಹತ್ತಿದ ಕಪ್ಪು ಕೆಸರು ಕೊಳೆತ ಮೊಟ್ಟೆಯಂತೆ ನಾರಿದರೆ ತಳದಲ್ಲಿ ಆಮ್ಲಜನಕವಿಲ್ಲ, ಆ ಪದರಕ್ಕೆ ಹೋಗಬೇಡಿ. ದಡದಲ್ಲಿ ಹಸಿರು ಪೇಂಟ್ ಚೆಲ್ಲಿದ ಹಾಗೆ ಪಾಚಿ ಕಂಡರೆ ಇಳಿಯಲೇಬೇಡಿ. ಇಲಿ, ದನ ಓಡಾಡುವ ನೀರಿನಲ್ಲಿ ಇಲಿಜ್ವರದ ಭಯವಿದೆ, ಗಾಯವಿರುವವರು ದೂರವಿರಿ.

ಹಲವರು ಮರೆಯುವ ವಿಷಯ: ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ. 300 ಮೀಟರ್ ದಾಟಿದರೆ ಎಷ್ಟು ಆಳಕ್ಕೆ ಎಷ್ಟು ಹೊತ್ತು ಎಂದು ಹೇಳುವ ಸಾಮಾನ್ಯ ಡೈವ್ ಪಟ್ಟಿ ನಡೆಯುವುದಿಲ್ಲ, ಡೈವ್ ಕಂಪ್ಯೂಟರಿನಲ್ಲಿ ಎತ್ತರದ ಸೆಟ್ಟಿಂಗ್ ಹಾಕಿ. ಮುಳುಗಲು ಕಟ್ಟಿಕೊಳ್ಳುವ ಸೀಸ ಸಿಹಿನೀರಿಗೆ ಸಮುದ್ರಕ್ಕಿಂತ ಸುಮಾರು 2 ಕಿಲೋ ಕಡಿಮೆ ಸಾಕು. ಅಣೆಕಟ್ಟಿನ ಹಿನ್ನೀರಿನ ಆಸೆ ಬೇಡ, ತೂಬಿನ ಸೆಳೆತಕ್ಕೆ ಸಿಕ್ಕರೆ ಕೈ ಬಿಡಿಸಿಕೊಳ್ಳಲಾಗದು.

ಪ್ರಶ್ನೆ: ಗೋವೆಯಲ್ಲಿ ಬೆಳಿಗ್ಗೆ ಎರಡು ಡೈವ್ ಮುಗಿಸಿ ಸಂಜೆಯ ಬಸ್ಸಿಗೆ ಚೋರ್ಲಾ ಘಾಟ್ ಮೇಲೆ ಬೆಳಗಾವಿಗೆ ಬರಬಹುದೇ? (ಮಾಪುಸಾ)

ಉತ್ತರ: ಬೇಡ. ಬೆಳಗಾವಿ 700 ಮೀಟರಿಗೂ ಎತ್ತರದಲ್ಲಿದೆ, ಅದಕ್ಕೂ ಡೈವ್ ಆದ ಮೇಲೆ ವಿಮಾನ ಏರುವ ನಿಯಮವೇ: ಒಂದೇ ಡೈವ್ ಆದರೆ 12 ಗಂಟೆ, ಎರಡು ಮೂರಾದರೆ 18 ಗಂಟೆ ಕಾಯಬೇಕು. ಮರುದಿನ ಮಧ್ಯಾಹ್ನದ ಬಸ್ಸಿಗೆ ಟಿಕೆಟ್ ತೆಗೆಯಿರಿ.