ದೀಪಾವಳಿ ರಾತ್ರಿಯ ಹೊಗೆ ಮತ್ತು ತಾಯಿಯವರ ಉಬ್ಬಸ: ಪ್ರತಿಕ್ರಿಯೆ

ಕಿಟಕಿ ಮುಚ್ಚಿದ್ದರೂ ದೀಪಾವಳಿಯ ಮರುದಿನ ಬೆಳಗಿನ ಜಾವ ನಿಮ್ಮ ತಾಯಿಯವರಿಗೆ ಉಬ್ಬಸ ಹೆಚ್ಚುವುದೇಕೆ, ಪಟಾಕಿ ಹಚ್ಚುವ ನೆರೆಯವರಿಗೆ ಏನು ಹೇಳುವುದು ಎಂದು ಕೇಳಿದ್ದೀರಿ. ಉಬ್ಬಸಕ್ಕೆ, ರಾತ್ರಿಯ ತಂಪಿನಲ್ಲಿ ಮೇಲೇರಲಾರದೆ ನೆಲಮಟ್ಟದಲ್ಲೇ ನಿಂತು ಸಂದುಗಳಿಂದ ಒಳನುಗ್ಗುವ ಪಟಾಕಿ ಹೊಗೆಯೇ ಕಾರಣವಿರಬಹುದು. ಬೇರೆ ದಿನಗಳಲ್ಲೂ ಹಾಗಾಗುತ್ತಿದ್ದರೆ ಕಾರಣ ಬೇರೆಯಿದ್ದೀತು. ಹಬ್ಬಕ್ಕೆ ಮೊದಲೇ ವೈದ್ಯರನ್ನು ಕಂಡು ಇನ್‌ಹೇಲರ್ ಬಳಕೆಯ ಬಗ್ಗೆ ಕೇಳಿಕೊಳ್ಳಿ. ಸಂಜೆಯೇ ಅವರನ್ನು ಬೀದಿಯಿಂದ ದೂರದ ಕೋಣೆಯಲ್ಲಿ ಮಲಗಿಸಿ, ಬಾಗಿಲಿನ ಸಂದಿಗೆ ಒದ್ದೆ ಬಟ್ಟೆಯಿಟ್ಟು, ಬಿಸಿಲೇರಿದ ಮೇಲಷ್ಟೇ ಕಿಟಕಿ ತೆರೆಯಿರಿ. ಹೊರಹೋಗಲೇಬೇಕಾದರೆ ಎನ್‌-95 ಮಾಸ್ಕ್ ಬೇಕು, ಸೆರಗು ಸೂಕ್ಷ್ಮ ಕಣಗಳನ್ನು ತಡೆಯದು. ಇನ್‌ಹೇಲರ್‌ಗೂ ಉಬ್ಬಸ ಇಳಿಯದಿದ್ದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.

"ವರ್ಷಕ್ಕೊಮ್ಮೆ ತಾನೇ" ಎನ್ನುವ ನಿಮ್ಮ ದಾವಣಗೆರೆಯ ನೆರೆಯವರೊಂದಿಗೆ ಹಬ್ಬದ ಹಿಂದಿನ ವಾರವೇ ಮಾತಾಡಿ, ಏಕೆಂದರೆ ಪಟಾಕಿ ಹಚ್ಚಿದ ಮೇಲೆ ಹೇಳಿದ ಮಾತು ಜಗಳವಾಗುತ್ತದೆ. ಸುಪ್ರೀಂ ಕೋರ್ಟ್ 2018ರಲ್ಲಿ ದೀಪಾವಳಿಯಂದು ಪಟಾಕಿ ಹಚ್ಚಲು ನಿಗದಿಪಡಿಸಿದ ಅವಧಿ ರಾತ್ರಿ 8ರಿಂದ 10. ಹಸಿರು ಪಟಾಕಿಯೂ ಹೊಗೆ ಕಾರುತ್ತದೆ, ಕಡಿಮೆಯಷ್ಟೇ. ತಡರಾತ್ರಿಯೂ ನಿಲ್ಲಿಸದಿದ್ದರೆ ತುರ್ತು ಸಹಾಯವಾಣಿ 112ಕ್ಕೆ ಕರೆ ಮಾಡಿ.