ದೀಪಾವಳಿಗೆ ಗೊಂಡೆ ಹೂವು

ಪ್ರಶ್ನೆ: ಪೇಟೆಯ ಮಾಲೆಯಿಂದ ತೆಗೆದಿಟ್ಟ ಗೊಂಡೆ ಬೀಜವನ್ನು ಜೂನ್‌ನಲ್ಲಿ ಅಂಗಳದಲ್ಲಿ ಬಿತ್ತಿದ್ದೆ, ಸಸಿಗಳೆಲ್ಲ ಬುಡ ಕೊಳೆತು ಬಿದ್ದವು. ದೀಪಾವಳಿಗೆ ಹೂವಾಗಲು ಯಾವಾಗ ಬಿತ್ತಬೇಕು?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ದೋಷ ಬೀಜದ್ದಲ್ಲ, ನೀರು ಇಂಗದ ಮಣ್ಣಿನಲ್ಲಿ ಬೆಳೆಯುವ ಶಿಲೀಂಧ್ರವು ಎಳೆಯ ಕಾಂಡವನ್ನು ಮಣ್ಣಿನ ಮಟ್ಟದಲ್ಲೇ ನೂಲಿನಂತೆ ಸಪೂರಗೊಳಿಸಿ ಕೆಡವುತ್ತದೆ. ಬಿತ್ತನೆಯಿಂದ ಹೂವಾಗುವವರೆಗೆ ಸುಮಾರು 60ರಿಂದ 75 ದಿನಗಳು ಬೇಕಾಗುವುದರಿಂದ, ಆಗಸ್ಟ್ ಮಧ್ಯದ ವೇಳೆಗೆ, ಮಳೆಹನಿ ತಾಗದ, ಆದರೆ ಚೆನ್ನಾಗಿ ಬೆಳಕು ಬೀಳುವ ಜಗಲಿಯ ಅಂಚಿನಲ್ಲಿ, ಮರಳು ಮತ್ತು ಹುಡಿಗೊಬ್ಬರ ಬೆರೆಸಿದ ಮಣ್ಣಿನ ಕುಂಡದಲ್ಲಿ ತೆಳುವಾಗಿ ಬಿತ್ತಿ, ಬೀಜ ಮರೆಯಾಗುವಷ್ಟೇ ಮಣ್ಣು ಉದುರಿಸಿರಿ. ವಾರದೊಳಗೆ ಮೊಳಕೆ ಕಾಣಿಸುತ್ತದೆ. ಮೂರು ವಾರಗಳ ಬಳಿಕ ಬಿಸಿಲಿರುವ ಏರುಮಡಿಯಲ್ಲಿ ಒಂದಡಿ ಅಂತರದಲ್ಲಿ ನೆಡಿರಿ. ತುದಿ ಚಿವುಟಿದರೆ ಕವಲುಗಳು ಹೆಚ್ಚುತ್ತವೆ, ಹೂವು ಮಾತ್ರ ತುಸು ತಡವಾಗುತ್ತದೆ. ಪೇಟೆಯ ಹೂವು ಹೈಬ್ರಿಡ್ ಆಗಿದ್ದರೆ ಅದೇ ಗಾತ್ರವನ್ನು ನಿರೀಕ್ಷಿಸಬೇಡಿರಿ.